ಅತ್ತೆಯ ಕ್ರಾನಿಕ್ ದಮ್ಮು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ಇಂಗ್ಲಿಷಿಗೆ ನಮ್ಮ ಮನೆಯಲ್ಲಿ ಕವಡೆ ಕಿಮ್ಮತ್ತೂ ಇಲ್ಲವೆಂದು ಗೊತ್ತಾದದ್ದು ಅತ್ತೆಯ ದಮ್ಮಿನಿಂದ.

ಅತ್ತೆಗೆ ಏದುಸಿರು ಶುರುವಾಗಿ ಹತ್ತು ವರ್ಷ ಆಗಿತ್ತು. ಮೆಕ್ಕೆಜೋಳ ಒಕ್ಕುವಾಗಿನ ಧೂಳಿಗೆ ಅದು ಹೆಚ್ಚಾಗುತ್ತಿತ್ತು. ಒಮ್ಮೆ ಮೈದುನ ಅವರನ್ನು ಹರಪನಹಳ್ಳಿಯ ಡಾಕ್ಟರಿಗೆ ತೋರಿಸಿಕೊಂಡು ಬಂದ. ಚೀಟಿಯಲ್ಲಿ ‘ಕ್ರಾನಿಕ್’ ಎಂದಿತ್ತು.

“ಅತ್ಗಿ, ಕ್ರಾನಿಕ್ ಅಂತ ಬರದಾರ. ಕೈ ಮೀರೈತಿ,” ಎಂದ.

“ಹಂಗಂದ್ರ ಬಹಳ ದಿನದಿಂದ ಐತಿ ಅಂತ. ಜೋರಾಗೈತಿ ಅಂತಲ್ಲಪ್ಪಾ.”

ನನ್ನ ಮಾತು ಮುಗಿಯುವ ಮೊದಲೇ ಅವನು ಎಸ್‌ಟಿಡಿ ಬೂತಿಗೆ ಓಡಿದ್ದ.

ಮರುದಿನ ಮಾಗಳದಿಂದ ನಾದಿನಿ ಅಳುತ್ತಲೇ ಬಂದಳು. ಅವಳ ಹಿಂದೆ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ನೆಂಟರು. ನಿನ್ನೆಯವರೆಗೂ ಅಂಗಳ ಗುಡಿಸುತ್ತಿದ್ದ ಅತ್ತೆ ಹಾಸಿಗೆ ಹಿಡಿದು, ತಮ್ಮ ಇಳಕಲ್ ಸೀರೆಗಳನ್ನು ಹಂಚತೊಡಗಿದರು. ಬಂದವರಿಗೆಲ್ಲ ಚಹಾ ಕಾಸಿ ಕಾಸಿ ನನಗೆ ಸಾಕಾಯಿತು. ಶಾಲೆಯಿಂದ ಡಿಕ್ಷನರಿ ತಂದು ಆ ಶಬ್ದ ತೋರಿಸಿದೆ.

ನಾದಿನಿ ಮೂಗು ಒರೆಸಿಕೊಂಡು, “ನಿಮ್ಮದು ಸಾಲಿ ಇಂಗ್ಲಿಷ್ ಐತ್ರಿ ಅತ್ಗಿ. ದವಾಖಾನಿ ಇಂಗ್ಲಿಷ್ ಬ್ಯಾರೆ,” ಎಂದಳು.

ಮೈಯೆಲ್ಲ ಉರಿಯಿತು. ರಜೆ ಹಾಕಿ, ಅತ್ತೆಯನ್ನು ಬಸ್ಸು ಹತ್ತಿಸಿ, ಅದೇ ಡಾಕ್ಟರ ಮುಂದೆ ಕೂರಿಸಿದೆ.

“ಹೆದರಬ್ಯಾಡ ಅಜ್ಜಿ,” ಎಂದರು ಅವರು. “ಈ ದಮ್ಮು ಪೂರ್ತಿ ಹೋಗಂಗಿಲ್ಲ. ದಿನಾ ಈ ಪಂಪು ಸೇದು, ಆರಾಮ ಇರ್ತೀ.”

ಗೆದ್ದೆ ಎಂದುಕೊಂಡೆ. ಮನೆಗೆ ಬಂದ ಅತ್ತೆ ಹಾಸಿಗೆ ಸುತ್ತಿಟ್ಟು ಕೆಲಸಕ್ಕೇನೋ ನಿಂತರು. ಆದರೆ ಆ ಇನ್‌ಹೇಲರ್ ಪಂಪನ್ನು ಮುಟ್ಟಲಿಲ್ಲ. ಕೇಳಿದರೆ, “ಹೋಗಂಗೇ ಇಲ್ಲಂದ ಮ್ಯಾಲೆ ಸೇದಿ ಏನು ಮಾಡಾದೈತಿ?” ಎಂದರು. ದಿನಾ ಬೆಳಿಗ್ಗೆ ನಾನು ಪಂಪು ಮುಂದೆ ಹಿಡಿಯುವುದು, ಅವರು “ಆತು ಬಿಡವಾ” ಎಂದು ಮುಖ ತಿರುಗಿಸುವುದು.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಪಾಠದ ನಡುವೆಯೇ ಕರೆ ಬಂತು. ಓಡಿಹೋದರೆ ಅತ್ತೆಯ ತುಟಿ ನೀಲಿಗಟ್ಟಿತ್ತು, ಉಸಿರು ಒಳಗೆ ಹೋಗುತ್ತಲೇ ಇರಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಹರಪನಹಳ್ಳಿ ಮುಟ್ಟಿದೆವು. ಆಕ್ಸಿಜನ್ ಹಚ್ಚಿದರು. ಮೈದುನ ಹೊಸ ಚೀಟಿ ಓದಿ, ನಿಟ್ಟುಸಿರು ಬಿಟ್ಟ.

“ದೇವರು ದೊಡ್ಡಾತ. ಈ ಸಲ ಕ್ರಾನಿಕ್ ಇಲ್ಲ ಅತ್ಗಿ, ಬರೇ ಅಕ್ಯೂಟ್.”

“ಇದ ಜೋರಿನದು!” ಎಂದು ಕೂಗಿಬಿಟ್ಟೆ. “ಒಮ್ಮಿಗೇ ಬಂದು ಜೀವಕ್ಕ ಕೈ ಹಾಕಾದು ಇದ!”

ಬೆಂಚಿನ ಮೇಲಿದ್ದ ರೋಗಿಗಳೆಲ್ಲ ನನ್ನ ಕಡೆ ತಿರುಗಿದರು. ಮೈದುನ ಗೋಡೆಗೆ ಆತು ಕೂತುಬಿಟ್ಟ. ನನಗೆ ಅಳು ಬಂತು.

ಮೂರನೆಯ ದಿನ ಅತ್ತೆ ಎದ್ದು ಕೂತರು. ಇಂಗ್ಲಿಷಿನ ಗೊಡವೆಯೇ ಬೇಡವೆಂದು ನಾನು ಕೇಳಿದೆ: “ಅತ್ತಿ, ಇವತ್ತು ರೊಟ್ಟಿ ತಿಂದ್ರ ನಾಳಿ ಹಸಿವು ಆಗಂಗಿಲ್ಲೇನು? ಹಂಗಂತ ತಿನ್ನಾದು ಬಿಡ್ತೀರೇನು?”

“ಇಷ್ಟು ಓದೀದಿ, ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?” ಎಂದು ಗದರಿದರು.

ಅದಾದ ಮೇಲೆ ಅತ್ತೆ ಹನ್ನೊಂದು ವರ್ಷ ಬದುಕಿದರು. ಆ ದಿನ ನಾನು ಕೊಟ್ಟ ಪಂಪನ್ನು ಕೈಯಲ್ಲಿ ತಿರುವಿ ತಿರುವಿ ನೋಡಿ, ಯಾವ ತುದಿ ಬಾಯಿಗೆ ಇಡಬೇಕೆಂದು ಕೇಳಿದರು.