ಮಹಡಿ ಕೋಣೆಯ ಬೂಷ್ಟು

ತಿರುವನಂತಪುರದ ಪಟ್ಟಂನಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಮಹಡಿಯ ಮೇಲೊಂದು ಕೋಣೆ ಇತ್ತು. ಇದ್ದದ್ದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಮಾರ್ಚ್ ಬಂತೆಂದರೆ ಹಪ್ಪಳ ಒಣಗಿಸಲು ಅಂಗಳಕ್ಕೆ ಹೋಗುವುದೇ ಬೇಡ, ಆ ಕೋಣೆಯಲ್ಲಿ ಹರಡಿದರೆ ಸಾಕು. ಬೈಯದೆ ನಾನು ಅದರೊಳಗೆ ಕಾಲಿಟ್ಟದ್ದಿಲ್ಲ. ಅದನ್ನು ನೋಡಿ ಖುಷಿಪಟ್ಟವಳು ಒಬ್ಬಳೇ, ನನ್ನ ಮೈಸೂರಿನ ಗೆಳತಿ.

"ಒಳ್ಳೇ ಒಲೆ ಥರ ಇದೆ ಕಣ್ರೀ. ನಂಗೆ ಬೇಕಾಗಿದ್ದು ಇಂಥದ್ದೇ," ಎಂದಳು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತೋ ಏನೋ. ನಾವು ಕಾಸರಗೋಡಿನವರು. ವಿಷ ಹಾಕದೆ ಬೆಳೆ ತೆಗೆಯುವ ದಾರಿ ಹುಡುಕುವವರಿಗೆ ಹಣ ಕೊಡುವ ಒಂದು ಸರ್ಕಾರಿ ಕಚೇರಿಯಲ್ಲಿ ನಮ್ಮವರು ಲೆಕ್ಕಪತ್ರದ ಅಧಿಕಾರಿ. ಗೆಳತಿಯ ಗಂಡ ಬಾಹ್ಯಾಕಾಶ ಕೇಂದ್ರದ ವಿಜ್ಞಾನಿ, ಬೆಂಗಳೂರಿನಿಂದ ವರ್ಗವಾಗಿ ಬಂದವರು. ಅವಳು ಶ್ರೀಕಾರ್ಯಂನ ಬೆಳೆ ಸಂಶೋಧನಾ ಸಂಸ್ಥೆಯಲ್ಲಿದ್ದಳು. ಕನ್ನಡದವರ ಯುಗಾದಿ ಊಟದಲ್ಲಿ ಪಕ್ಕಪಕ್ಕದ ಎಲೆಗೆ ಕೂತದ್ದೇ ನಮ್ಮ ಪರಿಚಯ. ಮಲಯಾಳ, ಇಂಗ್ಲಿಷುಗಳ ನಡುವೆ ಬಾಯಿ ಕಟ್ಟಿದ ಹಾಗಿದ್ದ ನಮಗೆ ಅಷ್ಟೇ ಸಾಕಾಯಿತು.

ಅವಳದ್ದು ಖಾಯಂ ಕೆಲಸವಲ್ಲ. ಯೋಜನೆಗೆ ಹಣ ಇರುವಷ್ಟು ದಿನ ಕೆಲಸ, ಹಣ ನಿಂತರೆ ಮನೆಗೆ. ಸುವರ್ಣಗೆಡ್ಡೆಯ ಬುಡ ಕೊಳೆಯುವ ರೋಗವನ್ನು ತಡೆಯುವ ಒಂದು ಜಾತಿಯ ಬೂಷ್ಟನ್ನು ಅವಳು ಬೆಳೆಸುತ್ತಿದ್ದಳು. ಅದನ್ನು ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿ ರೈತರಿಗೆ ಕೊಡಬೇಕು, ಅವರು ಗದ್ದೆಗೆ ವಿಷ ಸುರಿಯುವುದು ತಪ್ಪಬೇಕು ಎಂಬುದು ಅವಳ ಆಸೆ. ಆದರೆ ಆ ಪುಡಿ ತಂಪುಪೆಟ್ಟಿಗೆ ಇಲ್ಲದ ಮನೆಯಲ್ಲಿ, ಬೇಸಿಗೆಯ ಸೆಕೆಯಲ್ಲಿ ಬದುಕಿ ಉಳಿಯುತ್ತದೆಯೇ? ಅದು ಗೊತ್ತಾಗಬೇಕಿತ್ತು. ಅದಕ್ಕೇ ನಮ್ಮ ಮಹಡಿ ಕೋಣೆ.

ಎರಡು ಬೇಸಿಗೆ ಅವಳ ಪೊಟ್ಟಣಗಳು ನಮ್ಮ ಮಹಡಿಯ ಮೇಲೆ ಬೆಂದವು. ವಾರಕ್ಕೊಮ್ಮೆ ಬಂದು ಸೆಕೆ ಅಳೆಯುತ್ತಿದ್ದಳು, ಚಿಟಿಕೆ ಪುಡಿ ಒಯ್ಯುತ್ತಿದ್ದಳು. ಆಮೇಲೆ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ನನ್ನ ನೀರುದೋಸೆ ತಿನ್ನುತ್ತ ನಮ್ಮ ಕನ್ನಡವನ್ನು ಆಡಿಕೊಳ್ಳುತ್ತಿದ್ದಳು. ಮಲಯಾಳದಲ್ಲಿ ಬೂಷ್ಟಿಗೆ ಪೂಪ್ಪಲ್ ಎನ್ನುತ್ತಾರೆ. ನನ್ನ ಮಗಳು ಗೇಟಿನ ಸದ್ದು ಕೇಳಿದರೆ ಒಳಗೆ ಓಡಿ ಬಂದು, "ಅಮ್ಮಾ, ಪೂಪ್ಪಲ್ ಆಂಟಿ ವನ್ನು," ಎನ್ನುತ್ತಿದ್ದಳು. ಬೂಷ್ಟಿನ ಆಂಟಿ ಬಂದರು, ಎಂದು. ಕನ್ನಡದಲ್ಲಿ ಹೇಳು ಎಂದರೆ ನಕ್ಕು ಓಡುವಳು.

ನಮ್ಮವರಂತೂ ಆ ಬೂಷ್ಟಿನ ಜಾತಕವನ್ನೇ ಬಾಯಿಪಾಠ ಮಾಡಿಕೊಂಡಿದ್ದರು. ಮೊದಲ ಬೇಸಿಗೆ ಕಳೆದ ಮೇಲೆ ಗೆಳತಿ ಬಂದು, "ಬದುಕಿದೆ ಸಾರ್, ಚೆನ್ನಾಗೇ ಬದುಕಿದೆ," ಎಂದಾಗ ಪಾಯಸ ಮಾಡು ಎಂದು ಗಂಟುಬಿದ್ದವರು ಅವರೇ.

ಎರಡನೆಯ ಬೇಸಿಗೆಯಲ್ಲಿ ಅವಳ ಯೋಜನೆಯ ಹಣ ಮುಗಿಯುತ್ತ ಬಂತು. ಮುಂದಿನ ಹಣಕ್ಕೆ ಅವಳು ಅರ್ಜಿ ಹಾಕಿದ್ದು ನಮ್ಮವರ ಕಚೇರಿಗೇ. ಬೇರೆಲ್ಲಿಗೆ ಹಾಕುವುದು? ಅಂಥ ಕೆಲಸಕ್ಕೆ ಹಣ ಕೊಡುವವರು ಆಗ ಎಷ್ಟು ಮಂದಿ ಇದ್ದರು? ಅರ್ಜಿ ನೋಡುವ ಸಮಿತಿಯಲ್ಲಿ ಲೆಕ್ಕದ ವಿಷಯಕ್ಕೆಂದು ನಮ್ಮವರೂ ಕೂರಬೇಕು. ನೆಂಟರ ಅರ್ಜಿಯಾದರೆ ಎದ್ದು ಹೊರಗೆ ಹೋಗುವ ಕ್ರಮ ಇತ್ತಂತೆ. ನೀರುದೋಸೆ ತಿಂದವರ ಅರ್ಜಿಯಾದರೆ ಏನು ಮಾಡಬೇಕೆಂದು ಯಾವ ಕ್ರಮವೂ ಹೇಳಿರಲಿಲ್ಲ.

ಅಷ್ಟರಲ್ಲಿ ತರಕಾರಿ ಅಂಗಡಿಯಲ್ಲಿ ನಮ್ಮವರ ಸಹೋದ್ಯೋಗಿಯ ಹೆಂಡತಿ ಸಿಕ್ಕಿದಳು. ಬೆಂಡೆಕಾಯಿಯ ತುದಿ ಮುರಿದು ನೋಡುತ್ತ, "ನಿಂಙಳುಡೆ ಕನ್ನಡಕ್ಕಾರಿಕ್ಕ್ ಕಿಟ್ಟುಮಲ್ಲೋ," ಎಂದಳು. ನಿಮ್ಮ ಕನ್ನಡದವಳಿಗೆ ಸಿಕ್ಕೇ ಸಿಗುತ್ತದಲ್ಲ, ಎಂದು. ಆಮೇಲೊಂದು ನಗು. ಆ ನಗು ನನಗೆ ಹಿಡಿಸಲಿಲ್ಲ. ಕಚೇರಿಯಲ್ಲಿ ಇನ್ನೇನೇನು ಮಾತಾಡಿಕೊಳ್ಳುತ್ತಾರೋ ಎಂದು ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದರೆ ನಾನು ಹಿಂದೆಮುಂದೆ ನೋಡುವವಳಲ್ಲ. ಮನೆಗೆ ಬಂದವಳೇ ಚೀಲ ಕುಕ್ಕಿ ಹೇಳಿದೆ.

"ನೀವು ಆ ಮೀಟಿಂಗಿನಲ್ಲಿ ಬಾಯಿ ಬಿಡ್ಲಿಕ್ಕಿಲ್ಲ. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ. ಪೊಟ್ಟಣ ನಮ್ಮ ಮನೇಲಿ ಉಂಟು ಅಂತ ಒಬ್ರಿಗೆ ಗೊತ್ತಾದ್ರೆ ಸಾಕು, ನಮ್ಮ ಮರ್ಯಾದೆ ಹೋಯ್ತು."

"ಅದರಲ್ಲಿ ತಪ್ಪೆಂತ ಉಂಟು ಮಾರಾಯ್ತಿ?"

"ತಪ್ಪಿಲ್ಲ. ಜನರ ಬಾಯಿ ಉಂಟಲ್ಲ."

ಸಮಿತಿ ಸೇರಿದ್ದು ಕೊಚ್ಚಿಯಲ್ಲಿ, ಏಲೂರಿನ ಕಡೆಯ ಒಂದು ಅತಿಥಿಗೃಹದಲ್ಲಿ. ಅಲ್ಲಿಯ ಗಾಳಿಗೆ ಸದಾ ಗೊಬ್ಬರ ಕಾರ್ಖಾನೆಯ ಘಾಟು. ನನ್ನ ಅಕ್ಕನ ಮನೆ ಅಲ್ಲೇ ಹತ್ತಿರವಾದ್ದರಿಂದ ನಾನೂ ಹೊರಟೆ. ಸಮಿತಿಯ ಮುಂದೆ ಯೋಜನೆ ವಿವರಿಸಲು ಗೆಳತಿ ಹೋಗುವುದೂ ಅದೇ ರೈಲಿನಲ್ಲಿ. ಮೂವರೂ ಒಟ್ಟಿಗೆ ಕೂರೋಣ ಎಂದು ಅವಳು ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಅವಳನ್ನು ಕಂಡದ್ದೇ ನಾನು ನಮ್ಮವರ ತೋಳು ಹಿಡಿದು ಬೇರೆ ಬೋಗಿ ತೋರಿಸಿದೆ. ಅವರು ತಲೆ ತಗ್ಗಿಸಿಕೊಂಡು ಹೋದರು.

"ಸಾರ್ ಯಾಕೆ ಆ ಕಡೆ?" ಎಂದು ಗೆಳತಿ ಕೇಳಿದಳು.

"ಆಫೀಸಿನವರು ಯಾರಾದ್ರೂ ಕಂಡಾರು ಅಂತ. ನಿಮಗೇ ಒಳ್ಳೇದು," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿ ಬಿಚ್ಚಿ ನನಗೇ ಎರಡು ಪಾಲು ಬಡಿಸಿದಳು. ದಾರಿಯುದ್ದಕ್ಕೂ ಹೊಸ ಯೋಜನೆಯದೇ ಮಾತು. ಯಾವ ಊರಿನ ರೈತರು ಒಪ್ಪಿದ್ದಾರೆ, ಯಾರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ, ಎಲ್ಲ ಹೇಳಿದಳು. "ಇದು ಸಿಗದಿದ್ರೆ ನನ್ನ ಕಥೆ ಮುಗೀತು ಕಣ್ರೀ. ಇವರೂ ಬೆಂಗಳೂರಿಗೆ ವಾಪಸ್ ಹೋಗೋಣ ಅಂತ ಕೂತಿದ್ದಾರೆ. ನಂಗೋಸ್ಕರ ತಡ್ಕೊಂಡಿದ್ದಾರೆ," ಎಂದಳು. ನಾನು ಹೂಂಗುಟ್ಟಿದೆ.

ಸಂಜೆ ಅಕ್ಕನ ಮನೆಗೆ ಬಂದ ನಮ್ಮವರು ಚಪ್ಪಲಿ ಬಿಚ್ಚಿ ಜಗಲಿಯಲ್ಲೇ ಕೂತುಬಿಟ್ಟರು. ಚಹಾ ಆರಿತು. ಅಕ್ಕ ಒಳಗೆ ಹೋದ ಮೇಲೆ ಹೇಳಿದರು. ಎಲ್ಲರಿಗೂ ಯೋಜನೆ ಹಿಡಿಸಿತ್ತಂತೆ. ಕೊನೆಗೆ ಹಿರಿಯ ಸದಸ್ಯರೊಬ್ಬರು, ಈ ಪುಡಿ ಇಲ್ಲಿಯ ಸೆಕೆಗೆ ಉಳಿಯುತ್ತದೆ ಎಂಬುದಕ್ಕೆ ಏನು ಗ್ಯಾರಂಟಿ ಎಂದರಂತೆ. ಸಾಧಾರಣ ಮನೆಯೊಂದರಲ್ಲಿ ಇಟ್ಟು ನೋಡಿದ್ದೇನೆ ಎಂದಳಂತೆ ಇವಳು. ಯಾರ ಮನೆ, ನಾವು ಹೋಗಿ ನೋಡಬಹುದೇ ಎಂದರಂತೆ ಅವರು.

"ಮತ್ತೆ?" ಎಂದೆ.

"ಅವಳು ಸುಮ್ಮನಾದಳು. ಎಂತದೂ ಹೇಳಲಿಲ್ಲ. ಇದೆಲ್ಲ ಬಾಯಿಮಾತು ಅಂತ ಅವರಿಗೆ ಅನಿಸಿತು. ಅಲ್ಲಿಗೆ ಅರ್ಜಿ ಬಿದ್ದುಹೋಯ್ತು."

"ನೀವು?"

"ನೀನು ಹೇಳಿದ್ದಲ್ವಾ, ಬಾಯಿ ಬಿಡ್ಲಿಕ್ಕಿಲ್ಲ ಅಂತ."

ಮೊದಲು ನನಗಾದದ್ದು ಸಮಾಧಾನ, ದೇವರಾಣೆ. ಸದ್ಯ, ಬಚಾವಾದೆವು ಅಂತ. ಆಮೇಲೆ ರೈಲಿನಲ್ಲಿ ಅವಳು ಬಡಿಸಿದ ಚಿತ್ರಾನ್ನ ನೆನಪಾಯಿತು. ನಾಳೆಯಾದರೂ ಆ ಹಿರಿಯರಿಗೆ ಹೇಳಿಬಿಡಿ ಎಂದೆ. ಇನ್ನು ಹೇಳಿದರೆ ಇಷ್ಟು ಹೊತ್ತು ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾರೆ ಎಂದರು. ನಾನು ಆರಿದ ಚಹಾ ಎತ್ತಿಕೊಂಡು ಒಳಗೆ ಹೋದೆ.

ಹಿಂದಿರುಗುವ ರೈಲಿನಲ್ಲಿ ಗೆಳತಿ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಎಂದಿನಂತೆ ಬಂದಳು, ಸೆಕೆ ಅಳೆದಳು. ಅವಳು ಬೇಡವೆಂದರೂ ನಾನು ದೋಸೆಯ ಮೇಲೆ ದೋಸೆ ಹಾಕಿದೆ. ಅವಳ ಮುಖ ನೋಡಲಾಗದೆ ಕಾವಲಿಯ ಕಡೆ ತಿರುಗಿ ಮಾತಾಡಿದೆ. ಫಲಿತಾಂಶ ಹೇಳುವ ಹಾಗಿರಲಿಲ್ಲ, ಗೊತ್ತಿಲ್ಲದ ಹಾಗೆ ಇರಲೂ ಆಗುತ್ತಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಅವಳಿಗೆ ಸುದ್ದಿ ತಲುಪಿತು. ಪೊಟ್ಟಣಗಳನ್ನು ಒಯ್ಯಲು ಆಟೋ ತಂದಿದ್ದಳು. ಇಬ್ಬರೂ ಮಹಡಿ ಹತ್ತಿ ಗೋಣಿಚೀಲಕ್ಕೆ ತುಂಬಿದೆವು. ಅಳುತ್ತಾಳೆಂದುಕೊಂಡಿದ್ದೆ. ಅವಳು ಧೂಳಿನ ಕೈಯನ್ನು ಸೀರೆಗೆ ಒರೆಸಿಕೊಂಡು, "ನಿಮಗೆ ಎರಡು ವರ್ಷ ತುಂಬಾ ತೊಂದ್ರೆ ಕೊಟ್ಟೆ ಕಣ್ರೀ," ಎಂದಳು.

"ಹಾಗೆಲ್ಲ ಹೇಳ್ಬೇಡಿ," ಎಂದೆ. "ಅವತ್ತು ಮೀಟಿಂಗಿನಲ್ಲಿ..."

"ಗೊತ್ತು, ನಾನೇ ಹೇಳ್ಲಿಲ್ಲ. ಯಾರ ಮನೆ ಅಂತ ಕೇಳಿದ್ರು. ಸಾರ್ ಎದುರಿಗೇ ಕೂತಿದ್ರು, ಪಾಪ, ಬೆವರ್ತಾ ಇದ್ರು. ಸ್ಟೇಷನ್ನಲ್ಲಿ ನೀವಿಬ್ರೂ ಅಷ್ಟು ಹೆದರಿದ್ದು ನೋಡಿದ್ನಲ್ಲ. ಹೇಗೆ ಹೇಳ್ಲಿ? ನನ್ನ ಕೆಲಸ ಹೋದ್ರೆ ಹೋಗ್ಲಿ, ಅವರ ಹೆಸರು ಕೆಡಬಾರದು ಅನಿಸ್ತು."

ನಾನು ಏನಾದರೂ ಹೇಳಬೇಕಿತ್ತು. ನಮ್ಮವರು ತಾವಾಗಿ ಹೆದರಿದ್ದಲ್ಲ, ಹೆದರಿಸಿದ್ದು ನಾನು ಎಂದಾದರೂ ಹೇಳಬೇಕಿತ್ತು. ಚೀಲದ ಬಾಯಿ ಕಟ್ಟುತ್ತ ಕೂತೆ.

"ಸಾರ್‌ಗೆ ಮಾತ್ರ ಇದನ್ನ ಹೇಳ್ಬೇಡಿ. ತುಂಬಾ ನೊಂದ್ಕೋತಾರೆ," ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಆ ವರ್ಷವೇ ಅವಳೂ ಅವಳ ಗಂಡನೂ ಬೆಂಗಳೂರಿಗೆ ಹೋದರು. ಅಲ್ಲಿ ಅವಳು ಯಾವುದೋ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆಂದು ಕೇಳಿದ್ದೇನೆ.

ನಮ್ಮವರಿಗೆ ಈಗ ನಿವೃತ್ತಿಯಾಗಿದೆ. ಸುವರ್ಣಗೆಡ್ಡೆಯ ಪಲ್ಯ ಮಾಡಿದ ದಿನ ಅವರಿಗೆ ಅವಳ ನೆನಪಾಗುತ್ತದೆ. ತಟ್ಟೆಯಲ್ಲಿ ಕೈ ನಿಲ್ಲಿಸಿ, "ನನಗೆ ಹೇಳ್ಲಿಕ್ಕೆ ಆಗ್ತಿರಲಿಲ್ಲ, ಸರಿ. ಅವಳಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ವಾ? ಎಂತಕ್ಕೆ ಸುಮ್ಮನಾದಳೋ," ಎನ್ನುತ್ತಾರೆ. ಹಾಗೆಂದುಕೊಂಡರೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತದೆ.

"ಹೌದು, ಹೇಳ್ಬಹುದಿತ್ತು," ಎನ್ನುತ್ತೇನೆ ನಾನು.