ಕಾಕಾ ಬಿಚ್ಚುವ ತನಕ

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದಕ್ಕೊಂದು ಆಕಾರ ಬಂದುಬಿಟ್ಟಿದೆ: ಬೆಳಿಗ್ಗೆ ಹಾವು, ಆಮೇಲೆ ಕಾಕಾ, ಸಂಜೆ ಡಾಕ್ಟರು. ಕೇಳಿದವರು ಕೊನೆಗೆ ಕಾಕಾನನ್ನು ಬಯ್ಯುತ್ತಾರೆ, ನನ್ನ ಕಡೆ ನೋಡಿ ಲೊಚಗುಟ್ಟುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಇಷ್ಟು ಸಲೀಸಾಗಿ ಉರುಳುವ ಕಥೆಯ ಮೇಲೆ ಈಗ ನನಗೆ ನಂಬಿಕೆ ಉಳಿದಿಲ್ಲ. ಅದಕ್ಕೇ ಬರೆದು ನೋಡುತ್ತಿದ್ದೇನೆ. ನಾಲಗೆ ಓಡಿದಷ್ಟು ಬೇಗ ಕೈ ಓಡುವುದಿಲ್ಲ. ಎಲ್ಲಾದರೂ ಎಡವಿದರೆ ಗೊತ್ತಾದೀತು.

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ನಮ್ಮ ತೋಟದ ಮನೆ ಮೂಡಲಗಿಯ ಕಡೆಗೆ, ಘಟಪ್ರಭೆಯ ಈ ದಂಡೆಗಿತ್ತು. ಗೋಕಾಕ ಆ ದಂಡೆಗೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಅವಳು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹರಿದ ಧೋತರ ತಂದುಕೊಟ್ಟರೆ ಸಾಲಾಗಿ ಇರುವೆ ಹೋದಂತೆ ಹೊಲಿಗೆ ಹಾಕಿ ಹೊಸದು ಮಾಡಿ ಕೊಡುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ನನ್ನನ್ನು ಗುರುತಿಸುತ್ತಿದ್ದುದೇ ‘ಕೌದಿಯಾಕಿ ಗಂಡ’ ಎಂದು.

ತಂದೆ ತೀರಿದ ಮೇಲೆ ನನ್ನನ್ನು ಬೆಳೆಸಿದವನು ಕಾಕಾ, ತಂದೆಯ ತಮ್ಮ. ಈ ದಂಡೆಯಲ್ಲೇ ಒಂದು ಹರದಾರಿ ದೂರದ ಊರಿನಲ್ಲಿದ್ದ. ನಮ್ಮ ಕಡೆ ಹಾವು ಕಚ್ಚಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತೇವೆ. ಹುಳ ಮುಟ್ಟಿದವರ ವಿಷ ಕಟ್ಟುವುದರಲ್ಲಿ ಕಾಕಾ ಹೆಸರಾದವನು. ಹುಕ್ಕೇರಿಯಿಂದ, ಸಂಕೇಶ್ವರದಿಂದ ಕೂಡ ಅವನಲ್ಲಿಗೆ ಜನ ಓಡಿ ಬರುತ್ತಿದ್ದರು. ಕಚ್ಚಿಸಿಕೊಂಡವರನ್ನು ಹೊತ್ತು ತರಬೇಕಾಗಿರಲಿಲ್ಲ, ಸುದ್ದಿ ತಂದವನೊಬ್ಬನಿದ್ದರೆ ಸಾಕು. ಕಾಕಾ ಮಂತ್ರ ಹೇಳುತ್ತಾ ತನ್ನ ಧೋತರದ ಚುಂಗಿಗೆ ಮೂರು ಗಂಟು ಹಾಕಿ, ಸುದ್ದಿ ತಂದವನ ಕಪಾಳಕ್ಕೆ ಒಂದು ಏಟು ಕೊಡುತ್ತಿದ್ದ. ಆ ಏಟು ಇವನಿಗಲ್ಲ, ಅಲ್ಲಿ ಮೈಯಲ್ಲಿರುವ ವಿಷಕ್ಕೆ. ಏಟು ತಿಂದವನು ತಿರುಗಿ ಹೋಗಿ ಕಚ್ಚಿದ ಜಾಗಕ್ಕಿಂತ ಮೇಲೆ ಹುರಿಯಿಂದ ಮೂರು ಗಂಟು ಬಿಗಿಯಬೇಕು. ಕಾಕಾ ಸ್ನಾನ ಮಾಡಿ, ಒದ್ದೆ ಧೋತರ ಮೈಮೇಲೇ ಒಣಗಿದ ನಂತರ ಹೊರಡುತ್ತಿದ್ದ. ಬಂದು ಮೊದಲು ತನ್ನ ಚುಂಗಿನ ಗಂಟು ಬಿಚ್ಚಿ, ಆಮೇಲೆ ಆ ಹುರಿ ಬಿಚ್ಚುತ್ತಿದ್ದ. ಅಲ್ಲಿಯ ತನಕ ಹುರಿಯನ್ನು ಯಾರೂ ಮುಟ್ಟುವಂತಿಲ್ಲ. ಕಚ್ಚಿಸಿಕೊಂಡವರು ಹರಿಯುವ ನೀರು ದಾಟುವಂತಿಲ್ಲ, ದಾಟಿದರೆ ಕಟ್ಟು ಕಳಚುತ್ತದೆ.

ಇದಕ್ಕಾಗಿ ಅವನು ಒಂದು ತೆಂಗಿನಕಾಯಿಯನ್ನೂ ತೆಗೆದುಕೊಂಡವನಲ್ಲ. ಬದುಕಿದವರು ಬಹಳ. ಅವರಲ್ಲಿ ಹೆಚ್ಚಿನವರಿಗೆ ಕಚ್ಚಿದ್ದು ವಿಷವಿಲ್ಲದ ಹಾವೆಂದು, ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಬರೀ ಹಲ್ಲೂರುತ್ತದೆಂದು ನನಗೆ ತಿಳಿದದ್ದು ಆಮೇಲೆ. ಸತ್ತವರ ಆಯುಷ್ಯ ತೀರಿತ್ತು ಎಂದುಕೊಳ್ಳುತ್ತಿದ್ದೆವು.

ಆ ದಿನ ಬೆಳಿಗ್ಗೆ ಅವಳು ದನಗಳಿಗೆಂದು ಜೋಳದ ಕಣಿಕೆಯ ಬಣವೆಯಿಂದ ಸೂಡು ಎಳೆಯುತ್ತಿದ್ದಳು. ಕಮ್ಮಾರನ ತಿದಿ ಒತ್ತಿದಂಥ ಸದ್ದಾಯಿತು. ಅವಳು ಕಿರುಚಿದಳು ಎಂದು ಇಷ್ಟು ವರ್ಷ ಹೇಳುತ್ತಾ ಬಂದೆ. ಇಲ್ಲ, ಕಿರುಚಿದವನು ನಾನೇ ಇರಬೇಕು. ಅವಳು ಬಲಗೈ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದಳು. ತೋರುಬೆರಳಿನ ಬುಡದಲ್ಲಿ ಎರಡು ಚುಕ್ಕೆ. ಬಣವೆಯ ಕೆಳಗೆ ಮೊಣಕೈ ದಪ್ಪದ ಹಾವು, ಮೈಮೇಲೆ ಸರಪಳಿಯಂತೆ ಸಾಲು ಬಳೆಗಳು, ಅವಸರವೇ ಇಲ್ಲದೆ ಒಳಗೆ ಸರಿಯುತ್ತಿತ್ತು. ಕೊಳಕುಮಂಡಲ.

ನಾನು ಓಡಿದೆ.

ಕಾಕಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನನ್ನನ್ನು ಕಂಡ ಕೂಡಲೇ ಎದ್ದ.

“ಯಾರಿಗೋ?”

“ನಮ್ಮಾಕಿಗೆ. ಮಂಡಲ. ಕೈಗೆ.”

ಅವನ ಬಾಯಿ ತೆರೆಯಿತು, ಮುಚ್ಚಿತು. ಒಳಗಿನಿಂದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಾಗಿಲಿಗೆ ಬಂದು, “ಏನ್ರಿ, ಗಾಡಿ ಕಳಸೂಣೇನು?” ಎಂದಳು.

“ನೀ ಒಳಗ ಹೋಗು,” ಎಂದ ಕಾಕಾ. ಮೂರು ಗಂಟು ಹಾಕಿದ. ಹೊಡೆದ. “ಇನ್ನ ಏರೂದಿಲ್ಲ. ಬಿಗಿಯಾಗಿ ಕಟ್ಟು. ಹೊತ್ತ ಇಳಿಯೂದ್ರಾಗ ಬರ್ತೀನಿ, ನಾ ಬಿಚ್ಚೂತನಕ ಯಾರೂ ಮುಟ್ಟಬಾರದು.”

ಚಿಗವ್ವನ ಆ ಮಾತನ್ನು ನಾನು ಮೊದಮೊದಲು ಹೇಳುತ್ತಿರಲಿಲ್ಲ. ಮರೆತಿದ್ದೆನೋ, ಕಥೆಯ ಓಟಕ್ಕೆ ಅಡ್ಡ ಬರುತ್ತದೆಂದು ಬಿಟ್ಟಿದ್ದೆನೋ, ತಿಳಿಯದು.

ಮನೆಗೆ ಬಂದಾಗ ಅವಳು ಬೇವಿನ ನೆರಳಿಗೆ ಕೂತಿದ್ದಳು. ಬಾವು ಮಣಿಕಟ್ಟು ದಾಟಿತ್ತು. ನಾನು ಮುಂಗೈಗೆ ಹುರಿ ಸುತ್ತಿ, ಹಲ್ಲು ಕಚ್ಚಿ ಎಳೆದು, ಮೂರು ಗಂಟು ಹಾಕಿದೆ.

“ಭಾಳ ಬಿಗಿ ಆತ್ರಿ.”

“ಬಿಗಿನ ಇರಬೇಕು.”

ಬೇವಿನ ಎಲೆ ಅಗಿಯಲು ಕೊಟ್ಟೆ. ವಿಷ ಏರಿದ್ದರೆ ಬೇವು ಕಹಿಯಾಗುವುದಿಲ್ಲ ಎನ್ನುತ್ತಾರೆ.

“ಕಹಿ ಐತೇನು?”

“ಬೇವು ಕಹಿ ಇಲ್ದ ಏನ ಸಕ್ಕರಿ ಇರ್ತೈತೇನ್ರಿ?”

ನನಗೆ ಸಂತೋಷವಾಯಿತು. ಕಾಕಾನ ಕಟ್ಟು ಹಿಡಿದಿದೆ ಎಂದು ಧೈರ್ಯದಿಂದ ಎತ್ತುಗಳಿಗೆ ನೀರು ಕುಡಿಸಿ ಬಂದೆ. ಈ ಒಂದು ವಿವರ ಮಾತ್ರ ಸುಳ್ಳಿರಲಾರದು. ಇಷ್ಟು ನಾಚಿಕೆಗೇಡಿನದನ್ನು ನೆನಪು ತಾನಾಗಿ ಕಟ್ಟುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಚರ್ಮದ ಮೇಲೆ ನೀರಿನ ಬೊಬ್ಬೆಗಳೆದ್ದವು. ಆ ಎರಡು ಚುಕ್ಕೆಗಳಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ಅರಿವೆಯ ಮೇಲೆ ಅರಿವೆ ಬದಲಿಸಿದರೂ ನಿಲ್ಲಲಿಲ್ಲ. ಎರಡು ಸಲ ವಾಂತಿಯಾಯಿತು. ಇನ್ನೊಮ್ಮೆ ಬೇವು ಅಗಿದು ಉಗುಳಿದಾಗ ಎಲೆಯ ಜೊತೆ ರಕ್ತ ಬಂತು. ಒಸಡು ಸೋರುತ್ತಿತ್ತು. ಹೊತ್ತು ಇಳಿದಿತ್ತು. ದಾರಿಯಲ್ಲಿ ಕಾಕಾ ಕಾಣಲಿಲ್ಲ. ಆಗ ಗಾಡಿ ಹೂಡಿದೆ.

ಸೇತುವೆಯ ಹತ್ತಿರ ಬಂದು ಎತ್ತುಗಳನ್ನು ನಿಲ್ಲಿಸಿಬಿಟ್ಟೆ. “ಪೂಲಿನ ಮ್ಯಾಲೆ ಹೋದ್ರ ಹೊಳಿ ದಾಟಿದಂಗ ಆಗ್ತೈತೇನು?” ಎಂದು ಅವಳನ್ನೇ ಕೇಳಿದೆ.

ಗಾಡಿಯಲ್ಲಿ ಮಲಗಿದ್ದವಳು ಕಣ್ಣು ಬಿಡದೆ, “ಹೊಳಿ ಕೆಳಗ ಐತಿ, ನಾವು ಮ್ಯಾಲೆ ಅದೀವಿ. ಹೊಡೀರಿ,” ಎಂದಳು.

ದವಾಖಾನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಡಾಕ್ಟರು ವಯಸ್ಸಾದವರು. ಕೈ ನೋಡಿದವರೇ ಕತ್ತರಿ ತರಿಸಿದರು. ನಾನು ಅವರ ಮಣಿಕಟ್ಟನ್ನು ಹಿಡಿದುಕೊಂಡೆ.

“ಹುರಿ ಮುಟ್ಟಬ್ಯಾಡ್ರಿ ಸಾಹೇಬ್ರ. ನಮ್ಮ ಕಾಕಾ ಬಿಚ್ಚೂತನಕ ಮುಟ್ಟಬಾರದು.”

“ಯಾರ್ರಿ ನಿಮ್ಮ ಕಾಕಾ?”

ಊರಿನ ಹೆಸರು ಹೇಳಿ, ಮಂತ್ರದ ಮಾತು ಹೇಳಿದೆ. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಖರೇನ? ಹೋದ ವರ್ಷ ಅವ್ರು ಇದ ಬಾಕಿನ ಮ್ಯಾಲೆ ಕುಂತಿದ್ರಲ್ರಿ. ಕಾಲಿಗೆ ಕಟ್ಟಿದ್ದ ಹುರಿ ನಾನ ಬಿಚ್ಚೇನಿ. ಅವ್ರೇನೂ ತಕರಾರ ಮಾಡ್ಲಿಲ್ಲ. ‘ಲಗೂನ ಸೂಜಿ ಚುಚ್ರಿ ಸಾಹೇಬ್ರ, ನಾ ಸಾಯ್ತೀನಿ’ ಅಂತ ಅಳಾಕತ್ತಿದ್ರು.”

ಹೋದ ವರ್ಷ ಕಾಕಾ ಎತ್ತು ನೋಡಲು ಸಂಕೇಶ್ವರಕ್ಕೆ ಹೋಗುತ್ತೇನೆಂದು ಎಂಟು ದಿನ ಊರಲ್ಲಿರಲಿಲ್ಲ. ಎತ್ತು ತರಲಿಲ್ಲ. ಕುಂಟುತ್ತಾ ಬಂದು, ಹೋರಿ ತುಳಿಯಿತು ಎಂದಿದ್ದ. ನಾನು ಎಣ್ಣೆ ಕಾಸಿ ಆ ಕಾಲು ತಿಕ್ಕಿದ್ದೆ. ಡಾಕ್ಟರ ಕೈಯನ್ನು ಬಿಟ್ಟೆ. ನನ್ನೊಳಗೆ ಬಿಸಿಯಾಗಲಿಲ್ಲ, ಕಣ್ಣೀರೂ ಬರಲಿಲ್ಲ. ಅಂಗಡಿಯಲ್ಲಿ ತೂಕದ ಕಲ್ಲು ಟೊಳ್ಳೆಂದು ತಿಳಿದಾಗ ಆಗುವಂಥದ್ದೇನೋ ಆಯಿತು. ಇಷ್ಟು ದಿನ ತಂದದ್ದೆಲ್ಲ ಎಷ್ಟಿತ್ತು?

ಡಾಕ್ಟರು ಅವಳ ರಕ್ತವನ್ನು ಒಂದು ಗಾಜಿನ ನಳಿಗೆಗೆ ತೆಗೆದು ಕಿಟಕಿಯಲ್ಲಿಟ್ಟರು. ಬಹಳ ಹೊತ್ತಾದರೂ ಅದು ಹೆಪ್ಪುಗಟ್ಟಲಿಲ್ಲ, ವಾಲಿಸಿದತ್ತ ವಾಲುತ್ತಿತ್ತು. “ಮಂಡಲದ ವಿಷ ಅಂದ್ರ ಇದು,” ಎಂದರು. “ನಾಗರ ಕಚ್ಚಿದ್ರ ರೆಪ್ಪಿ ಜೋತು ಬೀಳ್ತಾವು, ಮಾತು ತೊದಲ್ತೈತಿ, ಉಸಿರು ನಿಲ್ತೈತಿ. ಇದು ಹಂಗಲ್ಲ. ರಕ್ತ ನೀರ ಮಾಡ್ತೈತಿ.” ಮುಂಬಯಿಯಿಂದ ಬರುತ್ತಿದ್ದ, ಕುದುರೆಯ ರಕ್ತದಿಂದ ಮಾಡಿದ ಔಷಧವನ್ನು ನರಕ್ಕೆ ನಿಧಾನವಾಗಿ ಬಿಟ್ಟರು. ಅವಳ ಮೈಯೆಲ್ಲ ಗಂಧೆಯೆದ್ದು ನಡುಗತೊಡಗಿದಾಗ ನಿಲ್ಲಿಸಿ, ಬೇರೊಂದು ಸೂಜಿ ಹಾಕಿ, ಮತ್ತೆ ಶುರುಮಾಡಿದರು. ಹುರಿಯನ್ನು ಒಮ್ಮೆಲೇ ಕತ್ತರಿಸದೆ ಸ್ವಲ್ಪ ಸ್ವಲ್ಪ ಸಡಿಲಿಸಿದರು. ಕೈಗೆ ಹಲಗೆ ಕಟ್ಟಿ ಅಲುಗಾಡಿಸಬೇಡವೆಂದರು. ಮೂತ್ರವನ್ನು ದಿನವೂ ಒಂದು ಬಿಳಿ ಪಾತ್ರೆಯಲ್ಲಿ ಹಿಡಿದು ನೋಡುತ್ತಿದ್ದರು. ಮೊದಲು ಕೆಂಪಗೆ, ಸ್ವಲ್ಪವೇ ಬರುತ್ತಿತ್ತು. ನಾಲ್ಕನೆಯ ದಿನ ತಿಳಿಯಾಯಿತು. ಜೀವ ಉಳಿಯಿತು ಎಂದರು.

ಬೆರಳು ಉಳಿಯಲಿಲ್ಲ. ತೋರುಬೆರಳು, ನಡುಬೆರಳು ಕಪ್ಪಾಗಿ ಒಣಗಿದವು. ತೆಗೆಯುವ ಮೊದಲು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: “ಅರ್ಧ ವಿಷ ತಿಂದೈತಿ, ಅರ್ಧ ನೀವು ಕಟ್ಟಿದ ಹುರಿ ತಿಂದೈತಿ. ಕಟ್ಟದ ಸೀದಾ ಇಲ್ಲಿ ಬಂದಿದ್ರ...”

ಮನೆಗೆ ಬಂದ ಮೇಲೆ ಕಾಕಾ ನೋಡಲು ಬಂದ. ಅಂಗಳದಲ್ಲೇ ನಿಲ್ಲಿಸಿದೆ.

“ಕಾಕಾ, ಹೋದ ವರ್ಷ ನೀ ಸಂಕೇಶ್ವರಕ್ಕ ಹೋಗಿದ್ದ್ಯೋ, ಗೋಕಾಕಕ್ಕೋ?”

“ಯಾರ ಹೇಳಿದ್ರು?”

“ನಿನ್ನ ಹುರಿ ಬಿಚ್ಚಿದವ್ರ ಹೇಳಿದ್ರು.”

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ನನ್ನ ಮಂತ್ರ ನನಗ ನಡಿಯೂದಿಲ್ಲೋ ತಮ್ಮಾ. ತನ್ನ ಬೆನ್ನ ತಾ ತಿಕ್ಕೊಳ್ಳಾಕ ಬರ್ತೈತೇನು?”

“ಹೊಳಿ ದಾಟಿದ್ಯಲ್ಲಾ.”

“ಅಂಜಿದೆ.”

“ಮಂದಿಗೆ ಹೇಳಬೇಕಿತ್ತು.”

“ಹೇಳಿದ್ರ ಮರುದಿನ ಯಾರ ಬರ್ತಿದ್ರು ನನ್ನ ಬಾಗಲಕ?” ರುಮಾಲು ಮತ್ತೆ ಸುತ್ತಿಕೊಳ್ಳುತ್ತಾ, “ನಿನಗರ ಹೇಳಬೇಕಿತ್ತು, ಖರೆ. ಅವತ್ತ ನೀ ಬಂದಾಗ, ದವಾಖಾನಿಗೆ ಒಯ್ಯೋ ಅಂತ ಹೇಳಾಕ ಬಾಯಿ ತೆರದೆ. ಅಷ್ಟ್ರಾಗ ಕೈ ಎದ್ದಬಿಡ್ತು,” ಎಂದ.

ನಾನು ಬಾಗಿಲು ಹಾಕಿಕೊಂಡೆ. ಅವನಿರುವ ತನಕ ಮತ್ತೆ ಅವನ ಮನೆ ಮೆಟ್ಟಲಿಲ್ಲ. ಸತ್ತಾಗ ಮಣ್ಣಿಗೆ ಹೋದೆ, ದೂರ ನಿಂತು ಬಂದೆ.

ಕಥೆ ಇಲ್ಲಿಗೆ ಮುಗಿಯುತ್ತಿತ್ತು. ವರ್ಷಗಟ್ಟಲೆ ಇಲ್ಲಿಗೇ ಮುಗಿಸಿದ್ದೇನೆ. ಯುದ್ಧ ಮುಗಿದ ನಂತರದ ಒಂದು ಬೇಸಗೆಯಲ್ಲಿ ಮಮದಾಪುರದಿಂದ ಬಂದ ನೆಂಟರ ಮುಂದೆ ಇದನ್ನೇ ಹೇಳುತ್ತಿದ್ದೆ. ಅವಳು ಎಡಗೈಯಿಂದ ತಾಟು ಎತ್ತುತ್ತಿದ್ದವಳು ನಿಂತಳು.

“ಒಂದ ಮಾತ ಬಿಟ್ರಿ.”

“ಯಾವ ಮಾತು?”

“ಹುಳ ಮುಟ್ಟಿದ ಕೂಡ್ಲೆ ನಾ ಏನಂದೆ, ಅದನ್ನ ಹೇಳ್ರಿ.”

“ನೀ ಏನೂ ಅನ್ಲಿಲ್ಲ. ಚೀರಿದಿ, ಅಷ್ಟ.”

“ಗಾಡಿ ಹೂಡ್ರಿ, ಗೋಕಾಕಕ್ಕ ಹೋಗೂಣು ಅಂದೆ. ಕಾಕಾ ಮಾವಾರು ಕೂಡ ದವಾಖಾನಿಗೇ ಹೋಗಿದ್ರು, ಚಿಗವ್ವ ನನ್ನ ಮುಂದ ಹೇಳ್ಯಾಳ ಅಂದೆ. ನೀವು ‘ನಮ್ಮ ಕಾಕಾನ ಮ್ಯಾಲೆ ಸುಳ್ಳ ಆಡಬ್ಯಾಡ’ ಅಂದ್ರಿ. ನಿಮ್ಮ ಅಂಗಿ ಹಿಡಕೊಂಡೆ. ಕೊಡವಿ ಓಡಿದ್ರಿ.”

ನೆಂಟರು ನೀರಿನ ತಂಬಿಗೆ ನೋಡುತ್ತಾ ಕೂತರು. “ಇದನ್ನೆಲ್ಲ ನೀ ಈಗ ಹುಟ್ಟಸಾಕತ್ತಿ,” ಎಂದೆ ನಾನು. ಅವಳು ತಾಟು ತೆಗೆದುಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು, ಅಷ್ಟು ವರ್ಷಗಳ ನಂತರ ಮೊದಲ ಸಲ, ಕಾಕಾನ ಮನೆಗೆ ಹೋದೆ. ಚಿಗವ್ವನಿಗೆ ಕಿವಿ ಮಂದವಾಗಿತ್ತು. ಕೂಗಿ ಕೇಳಿದೆ. “ಹೂಂ, ಆಕಿಗೆ ಹೇಳಿದ್ನೆಪಾ,” ಎಂದಳು. “ಯಾರ ಮುಂದರ ಹೇಳಬೇಕಲ್ಲ, ಹೊಟ್ಟಿ ಉಬ್ಬಾಕತ್ತಿತ್ತು. ನಿನಗ ಹೇಳಿದ್ರ ನೀ ನಂಬ್ತಿದ್ದೇನು?”

ಆ ಬೆಳಗನ್ನು ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಬಣವೆ ಕಾಣುತ್ತದೆ, ಹಾವು ಕಾಣುತ್ತದೆ, ಎರಡು ಚುಕ್ಕೆ ಕಾಣುತ್ತವೆ. ಅವಳ ತುಟಿ ಮಾತ್ರ ಅಲುಗುವುದಿಲ್ಲ. ದವಾಖಾನೆಯಲ್ಲಿ ಡಾಕ್ಟರು ಹೇಳಿದಾಗಲೇ ಮೊದಲು ಕೇಳಿದೆ ಎಂದು ಈಗಲೂ ಪ್ರಮಾಣ ಮಾಡಬಲ್ಲೆ, ಮತ್ತು ಆ ಪ್ರಮಾಣ ಸುಳ್ಳೆಂದು ಬಲ್ಲೆ. ಕಾಕಾ ನನಗೆ ಮೋಸ ಮಾಡಿದ, ಅದು ನಿಜ. ಆ ಮೋಸವನ್ನು ಮುಂದಿಟ್ಟುಕೊಂಡು ಅದರ ಹಿಂದೆ ನಾನು ಇಷ್ಟು ವರ್ಷ ಕೂತಿದ್ದೆ.

“ಇಷ್ಟ ದಿನ ಯಾಕ ಸುಮ್ನಿದ್ದಿ?” ಎಂದು ಅವಳನ್ನು ಕೇಳಿದೆ.

“ಈ ಮನ್ಯಾಗ ಬಾಳೇವು ಮಾಡಬೇಕಿತ್ತಲ್ರಿ,” ಎಂದಳು. “ಮಾವಾರ ಮ್ಯಾಲೆ ಸಿಟ್ಟ ಮಾಡ್ಕೊಂಡು ಹೋಗ್ಲಿ ಅಂತ ಬಿಟ್ಟೆ. ಮಾವಾರು ನನಗ ಯಾರು? ನಾ ನಂಬಿದ್ದು ಅವ್ರನ್ನಲ್ಲ.”

ನಿನ್ನೆ ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಗೋಡೆಗೆ ಒರಗಿ ಕೇಳುತ್ತಿದ್ದಳು. ಕೊನೆಯ ಸಾಲು ಓದಿದಾಗ ಕೈಯೆತ್ತಿ, ನೆಂಟರ ಮುಂದೆ ತಾನಾಡಿದ ಮಾತಿಗೆ ಹಿಂದಿರುಗಿದಳು.

“ಕೊಡವಿ ಅಂತ ನಾ ಅವತ್ತ ಮಂದಿ ಮುಂದ ಅಂದಿದ್ದು. ಕೊಡವಲಿಲ್ಲ ನೀವು. ನಾ ಗಟ್ಟಿ ಹಿಡದಿದ್ದೆ. ಒಂದೊಂದ ಬೆರಳ ಬಿಡಿಸಿ ಹೋದ್ರಿ.”

ಮುಂದೆ ಓದಿ ಎಂದಳು. ಮುಂದೆ ಏನೂ ಬರೆದಿರಲಿಲ್ಲ.