ಬೀದಿಯನ್ನು ಹಿಡಿದಿಟ್ಟ ಒಂದು ಮೊಳ ಜೇಡಿ

ಈ ಬೀದಿ ಕುಡುಗೋಲಿನಂತೆ ಬಾಗಿದೆ. ಯಾರೋ ಅಡ್ಡಾದಿಡ್ಡಿ ಕಟ್ಟಿದಂತೆ ಹೊಸಬರಿಗೆ ಕಾಣುತ್ತದೆ, ಆದರೆ ಕಾರಣ ನೆಲದಡಿಯಲ್ಲಿದೆ. ಎಂದೋ ಇಲ್ಲೊಂದು ಸರೋವರವಿತ್ತು. ಅದು ಬತ್ತಿದ ಮೇಲೆ ತಳದ ನೀಲಿ ಜೇಡಿಮಣ್ಣು ಬಟ್ಟಲಿನಂತೆ ಉಳಿಯಿತು, ಬಟ್ಟಲಿನೊಳಗೆ ಮರಳು ತುಂಬಿಕೊಂಡಿತು. ಮಳೆಯ ನೀರು ಮರಳಿನಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಜೇಡಿಯ ಕೆಳಗೆ ಬರೀ ಒಣ ಜಲ್ಲಿ. ಬಟ್ಟಲು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬೀದಿಯೂ ಮುಗಿಯುತ್ತದೆ.

ಇಲ್ಲಿ ಬಾವಿ ತೋಡಿದರೆ ಮರಳಿನಲ್ಲಿ ಮಡಕೆಯ ಚೂರು ಸಿಗುತ್ತದೆ. ಇನ್ನೂ ಕೆಳಗೆ, ಅಂಚು ಹರಿತವಾಗುವಂತೆ ಒಡೆದ ಕಲ್ಲುಗಳು. ಬೇಸಾಯವನ್ನೇ ಅರಿಯದವರು ಕೂಡ ಈ ನೀರನ್ನು ನೆಚ್ಚಿ ಇಲ್ಲಿ ನಿಂತಿದ್ದರು.

ಅಂಥ ಕಲ್ಲುಗಳನ್ನು ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಡವರು ಒರತೆಯಣ್ಣ. ಬಾವಿ ತೋಡುವುದು ಅಪ್ಪನಿಂದ ಬಂದ ಕಸುಬು, ಹೆಸರು ಬೀದಿಯವರು ಇಟ್ಟದ್ದು. ಈ ಕಸುಬಿಗೆ ಒಂದು ಕಟ್ಟಳೆಯಿದೆ. ಗುದ್ದಲಿಗೆ ನೀಲಿ ಜೇಡಿ ತಗುಲಿದೊಡನೆ ತೋಡುವವನು “ಬಟ್ಟಲು ಬಂತು” ಎಂದು ಕೂಗಿ ಒಂದು ಮುದ್ದೆಯನ್ನು ಮೇಲಕ್ಕೆ ಕಳಿಸಬೇಕು. ಮನೆಯವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಅಲ್ಲಿಗೆ ಕೆಲಸ ನಿಲ್ಲಬೇಕು.

ಕಳೆದ ಬೇಸಿಗೆಯಲ್ಲಿ ಅವರು ಸ್ವಂತ ಅಕ್ಕನ ಹಿತ್ತಿಲಲ್ಲಿ ತೋಡುತ್ತಿದ್ದರು. ಅಕ್ಕನ ಮನೆ ಬೀದಿಯ ತಗ್ಗಿನಲ್ಲಿದೆ. ಎಲ್ಲ ಬಾವಿಗಳ ನೀರೂ ಒಳಗೊಳಗೇ ಅತ್ತ ವಾಲುತ್ತದೆ. ಆದರೂ ಬೇಸಿಗೆಯಾದ್ದರಿಂದ ಜೇಡಿ ತಗುಲಿದಾಗ ನೀರು ಮೊಣಕಾಲು ಮುಟ್ಟಿರಲಿಲ್ಲ.

ಅಕ್ಕ ಮೇಲಿನಿಂದ ಬಗ್ಗಿ ನೋಡಿದರು. “ಊರೋರಿಗೆಲ್ಲ ಬಾವಿ ತೋಡ್ತೀಯ, ಒಡಹುಟ್ಟಿದೋಳಿಗೆ ಕಾಲು ತೊಳೆಯೋ ಗುಂಡಿನಾ?”

“ಇನ್ನೂ ಮುಗಿದಿಲ್ಲ ಕಣಕ್ಕ,” ಎಂದರು ಒರತೆಯಣ್ಣ.

ಮುಗಿದಿತ್ತು. ಅವರು ಕೂಗಲಿಲ್ಲ. ಹಗ್ಗ ಎಳೆಯುತ್ತಿದ್ದ ಭಾವ ದರ್ಜಿ. ಬಟ್ಟೆಯ ಬಣ್ಣ ಬಲ್ಲವರು, ಮಣ್ಣಿನ ಬಣ್ಣ ಅವರಿಗೆ ತಿಳಿಯದು. ಬುಟ್ಟಿ ಬುಟ್ಟಿ ನೀಲಿ ಮಣ್ಣು ಅವರ ಕೈ ದಾಟಿ ಹೋಯಿತು. ಕೊನೆಗೊಮ್ಮೆ ಹಾರೆ ತಡೆಯಿಲ್ಲದೆ ಒಳಗೆ ನುಗ್ಗಿತು. ಕಾಲ ಬುಡದ ನೀರು ಸುತ್ತಿ ಸುತ್ತಿ ಇಳಿದು ಹೋಯಿತು. ಕಲ್ಲು ಒಡೆದವರನ್ನೂ ಮಡಕೆ ಮಾಡಿದವರನ್ನೂ ಈಗಿನವರನ್ನೂ ಇಲ್ಲಿ ಹಿಡಿದಿಟ್ಟದ್ದು ಒಂದು ಮೊಳ ದಪ್ಪದ ಜೇಡಿ. ಅದನ್ನು ಅವರು ಒಂದು ಮಧ್ಯಾಹ್ನದಲ್ಲಿ ದಾಟಿಬಿಟ್ಟಿದ್ದರು. ಹಿಮ್ಮಡಿಯಿಂದ ಅಷ್ಟಿಷ್ಟು ಮಣ್ಣು ತುರುಕಿ ಮೇಲೆ ಬಂದು, “ನಾಲ್ಕು ದಿನ ಬಿಡಿ, ಊರುತ್ತೆ,” ಎಂದರು.

ಊರಲಿಲ್ಲ. ಅಕ್ಕಪಕ್ಕದ ಬಾವಿಗಳಲ್ಲೂ ಹಗ್ಗ ಸಾಲದಾಯಿತು. ಅದೇ ಸಮಯಕ್ಕೆ ಬೀದಿಯ ಲಾಂಡ್ರಿಯವನು ತನ್ನ ಬಾಡಿಗೆ ಅಂಗಡಿಯ ಹಿಂದಿನ ಬಾವಿಗೆ ಹೊಸ ಮೋಟರ್ ಹಾಕಿಸಿದ್ದ. ಬೀದಿಯವರು ಅವನ ಅಂಗಡಿಯ ಮುಂದೆ ಸೇರಿದರು. ಅಕ್ಕ ಎಲ್ಲರಿಗಿಂತ ಮುಂದಿದ್ದರು.

“ನಮಗೆ ಕುಡಿಯೋಕಿಲ್ಲ, ನಿನಗೆ ಜಾಲಿಸೋಕೆ ಬೇಕಾ?”

“ನಿನ್ನೆ ಜಾಲಿಸಿದ್ದು ನಿಮ್ಮನೆ ಪರದೇನೇ ಅಕ್ಕ. ಮೂರು ನೀರು ಕುಡೀತು.”

ಯಾರೋ ನಕ್ಕರು. ಆದರೆ ಅಂಗಡಿಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ನಗಲಿಲ್ಲ. ನಾಳೆಯೇ ಜಾಗ ಖಾಲಿ ಮಾಡು ಎಂದುಬಿಟ್ಟರು. ಲಾಂಡ್ರಿಯವನು ಗುಂಪಿನಲ್ಲಿ ಒರತೆಯಣ್ಣನನ್ನು ಹುಡುಕಿದ.

“ನೀವೇ ಹೇಳಿ ಅಣ್ಣ, ನೆಲ ಬಲ್ಲೋರು. ನನ್ನ ಮೋಟರ್ ಬೀದಿ ನೀರನ್ನೆಲ್ಲ ಎಳೆಯುತ್ತಾ?”

“ನೋಡೋಣ,” ಎಂದರು ಒರತೆಯಣ್ಣ.

ಜೇಡಿ ಒಡೆದದ್ದಕ್ಕಿಂತ ಆ ಮಾತೇ ಹೆಚ್ಚು ನಾಚಿಸುತ್ತದೆ ಎಂದು ಅವರು ಇಂದಿಗೂ ಹೇಳುತ್ತಾರೆ. ಒಡೆದದ್ದು ಅಕ್ಕನ ಮಾತಿನ ಬಿಸಿಗೆ. “ನೋಡೋಣ” ಎನ್ನುವಾಗ ಯಾರೂ ಅವರನ್ನು ಕೆಣಕಿರಲಿಲ್ಲ.

ಮರುದಿನ ಬೆಳಗ್ಗೆ ಲಾಂಡ್ರಿಯವನು ಇಸ್ತ್ರಿ ಮೇಜನ್ನು ತಳ್ಳುಗಾಡಿಗೆ ಏರಿಸುತ್ತಿದ್ದ. ಅವನ ಹೆಂಡತಿ ಗಿರಾಕಿಗಳ ಬಟ್ಟೆಯನ್ನು ಮನೆಮನೆಗೆ ಹಿಂದಿರುಗಿಸುತ್ತಿದ್ದಳು. ಒರತೆಯಣ್ಣ ಹೋಗಿ ಮೇಜಿನ ಇನ್ನೊಂದು ತುದಿ ಹಿಡಿದು ಕೆಳಗಿಳಿಸಿದರು.

“ಬಟ್ಟಲು ಒಡೆದೋನು ನಾನು,” ಎಂದರು, ಸುತ್ತಲಿದ್ದವರಿಗೆ ಕೇಳುವಂತೆ. “ಅಕ್ಕನ ಬಾವೀಲಿ. ಜೇಡಿ ಬಂದದ್ದು ಗೊತ್ತಿದ್ದೂ ಕೂಗಲಿಲ್ಲ.”

ಎದುರು ಮನೆಯ ಅಜ್ಜಿ ಬಿಂದಿಗೆ ಇಳಿಸಿದರು. “ನಿಮ್ಮಪ್ಪ ಇದ್ದಿದ್ರೆ ನಿನ್ನನ್ನ ಅದೇ ಗುಂಡೀಲಿ ನಿಲ್ಲಿಸ್ತಿದ್ದ.”

“ನಿಲ್ತೀನಿ ಅಜ್ಜಿ. ಮುಚ್ಚೋಕೂ ಅಲ್ಲೇ ನಿಲ್ಲಬೇಕು.”

“ನಾನೇನು ಒಡಿ ಅಂದಿದ್ನಾ?” ಎಂದು ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎತ್ತಿ ಹಾಕಿದ್ದ ಜೇಡಿ ಹಿತ್ತಿಲಲ್ಲೇ ಗುಡ್ಡೆಯಾಗಿತ್ತು. ಅದನ್ನು ನೆನೆಸಿ, ನಾದಿ, ಬುಟ್ಟಿಯಲ್ಲಿ ಇಳಿಸಿ, ಪದರ ಪದರವಾಗಿ ತುಳಿದು ಗಟ್ಟಿ ಮಾಡಬೇಕಿತ್ತು. ಭಾವನಿಗೆ ಸೊಂಟ ಹಿಡಿದುಕೊಂಡಾಗ ಹಗ್ಗಕ್ಕೆ ಕೈಕೊಟ್ಟವನು ಲಾಂಡ್ರಿಯವನು. ಒರತೆಯಣ್ಣ ಬುಟ್ಟಿಯನ್ನು ಮಾತ್ರ ನೋಡುತ್ತ ತುಳಿದರು, ತಲೆ ಎತ್ತಲಿಲ್ಲ.

ಅವರು ಮೇಲೆ ಬಂದಾಗ ಅಂಗಿಯೆಲ್ಲ ನೀಲಿಯಾಗಿತ್ತು.

“ಅಂಗಿ ಕೊಡಿ ಅಣ್ಣ,” ಎಂದ ಲಾಂಡ್ರಿಯವನು. “ಈ ಕರೆ ಮನೇಲಿ ಹೋಗಲ್ಲ. ಹೆದರಬೇಡಿ, ಮೋಟರ್ ಹಾಕಲ್ಲ, ಕೈಯಲ್ಲೇ ಒಗೀತೀನಿ.”

ಸುತ್ತಲಿದ್ದವರು ನಕ್ಕರು. ಒರತೆಯಣ್ಣ ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಮನೆಗೆ ನಡೆದರು.

ಮಳೆ ಬಿದ್ದ ಮೇಲೆ ಬಾವಿಗಳು ಒಂದೊಂದಾಗಿ ಚೇತರಿಸಿಕೊಂಡವು. ಲಾಂಡ್ರಿ ಅಲ್ಲೇ ಇದೆ. ಅದರ ಮುಂದೆ ಹಾಯಬೇಕಾದಾಗ ಒರತೆಯಣ್ಣ ಎದುರಿನ ಬದಿಗೆ ದಾಟುತ್ತಾರೆ. ಲಾಂಡ್ರಿಯವನು ಪ್ರತಿಸಲವೂ ಕೈ ಎತ್ತಿ “ಅಣ್ಣ” ಎಂದು ಕರೆಯುತ್ತಾನೆ.